ಎಪ್ಪಿಂಗ್ ಕಾಡಿನ ಏರಿ, ಕೊಡಗಿನ ಕಡಂಗ

ನಾನಿರುವುದು ಪೂರ್ವ ಲಂಡನ್ನಿನಲ್ಲಿ. ಭಾನುವಾರ ಬಿಡುವಾದರೆ ಎಪ್ಪಿಂಗ್ ಕಾಡಿಗೆ ಹೋಗುತ್ತೇನೆ. ಅಲ್ಲಿ ಬೀಚ್ ಅನ್ನುವ ಜಾತಿಯ ಮರಗಳ ನಡುವೆ ಆಂಬರ್ಸ್‌ಬರಿ ಬ್ಯಾಂಕ್ಸ್ ಅಂತ ಒಂದು ಜಾಗ ಇದೆ. ಕಲ್ಲಿನ ಗೋಡೆ, ಬಾಗಿಲು ಏನೂ ಕಾಣುವುದಿಲ್ಲ. ತರಗೆಲೆ ಮುಚ್ಚಿದ ಉದ್ದನೆಯ ಮಣ್ಣಿನ ಏರಿ, ಅದರ ಪಕ್ಕ ಅರ್ಧ ತುಂಬಿಹೋದ ಕಂದಕ, ಅಷ್ಟೇ. ಸುಮಾರು 2,500 ವರ್ಷದ ಹಿಂದೆ ಕಬ್ಬಿಣ ಯುಗದ ಜನ ಕಟ್ಟಿದ ಕೋಟೆ ಅದು.

ಬರೀ ಮಣ್ಣು ಇಷ್ಟು ಕಾಲ ಹೇಗೆ ಉಳಿಯಿತು? ಅದರ ಮೇಲೆ ನೇಗಿಲು ಹಾಯಲಿಲ್ಲ. ಬಯಲಲ್ಲಿದ್ದ ಇಂಥ ಎಷ್ಟೋ ಏರಿಗಳನ್ನು ಉತ್ತು ಉತ್ತು ನೆಲಸಮ ಮಾಡಿಯಾಗಿದೆ, ಮರದ ನೆರಳಲ್ಲಿದ್ದವು ಉಳಿದುಕೊಂಡವು. ಹಾಗಂತ ಕಾಡೂ ಪೂರ್ತಿ ಕಾಯುವುದಿಲ್ಲ. ಗಾಳಿಗೆ ದೊಡ್ಡ ಮರ ಉರುಳಿದರೆ ಬೇರಿನ ಜೊತೆ ಏರಿಯ ಮಣ್ಣೂ ಕಿತ್ತು ಬರುತ್ತದೆ. ಸೈಕಲ್ಲುಗಳು ಒಂದೇ ಕಡೆ ಹತ್ತಿಳಿದರೆ ಮಳೆನೀರು ಅಲ್ಲೇ ಕೊರೆಯುತ್ತದೆ.

ಇಂಗ್ಲೆಂಡಿನವರ ಒಂದು ರೀತಿ ನನಗೆ ತುಂಬಾ ಹಿಡಿಸಿದೆ. ಇವರು ಇಂಥ ಹಳೆಯ ಜಾಗಗಳನ್ನು ಮೊದಲು ನಕ್ಷೆಗೆ ಹಾಕುತ್ತಾರೆ. 1600ರಿಂದಲಾದರೂ ಕಾಡಾಗಿಯೇ ಇರುವ ಜಾಗಕ್ಕೆ 'ಪ್ರಾಚೀನ ಕಾಡು' ಅಂತ ಬೇರೆ ಪಟ್ಟಿಯೇ ಇದೆ. 2014ರಲ್ಲಿ ದಕ್ಷಿಣ ಇಂಗ್ಲೆಂಡಿನ ಸೌತ್ ಡೌನ್ಸ್ ಗುಡ್ಡಗಳ ಕಾಡುಗಳ ಮೇಲೆ ವಿಮಾನದಿಂದ ಲೇಸರ್ ಬಿಟ್ಟು, ಎಲೆಗಳ ಸಂದಿಯಿಂದ ನೆಲದ ಉಬ್ಬುತಗ್ಗು ಅಳೆದರು. ಮರಗಳ ಅಡಿಯಲ್ಲಿ ಏನಿತ್ತು ಗೊತ್ತಾ? ಸಾವಿರಾರು ವರ್ಷ ಹಳೆಯ ಹೊಲಗಳ ಬದುಗಳು! ಯಾವತ್ತಿಂದಲೂ ಕಾಡೇ ಅಂದುಕೊಂಡಿದ್ದ ಕಡೆ ಒಂದು ಕಾಲದಲ್ಲಿ ಬೇಸಾಯ ನಡೆದಿತ್ತು.

ಇದನ್ನು ಓದಿದಾಗಲೆಲ್ಲ ನಮ್ಮ ಕೊಡಗಿನ ಕಡಂಗಗಳು ನೆನಪಾಗುತ್ತವೆ. ಗುಡ್ಡ, ಕಾಡು, ತೋಟ ಅನ್ನದೆ ಮೈಲಿಗಟ್ಟಲೆ ಹರಿದ ಆಳದ ಕಂದಕಗಳು, ತೋಡಿದ ಮಣ್ಣನ್ನೇ ಪಕ್ಕಕ್ಕೆ ಏರಿ ಹಾಕಿ ಮಾಡಿದ ಯುದ್ಧದ ಕಾವಲು. ಆಂಬರ್ಸ್‌ಬರಿಯಷ್ಟು ಹಳೆಯವು ಅಂತ ನಾನು ಹೇಳುತ್ತಿಲ್ಲ, ಆದರೆ ಕೆಲಸ ಅದೇ. ಚಿಕ್ಕಪ್ಪನ ಕಾಫಿ ತೋಟದ ಅಂಚಿನಲ್ಲಿ ಒಂದಿತ್ತು. ರಜೆಯಲ್ಲಿ ಒಳಗೆ ಇಳಿದರೆ ತಲೆ ಮೇಲೆ ಬರೀ ಬೇರು, ಜರೀಗಿಡ. "ಅಲ್ಲಿ ಮಣ್ಣು ಕೆದಕಬೇಡ ಮಗಾ, ಹಿರಿಯರು ತೋಡಿದ್ದು" ಅನ್ನುತ್ತಿದ್ದರು ಚಿಕ್ಕಪ್ಪ. ಅವರಿಗೆ ಆ ಒಂದು ಮಾತೇ ಕಾನೂನು. ದೇವರಕಾಡಿನ ಸೌದೆ ಮುಟ್ಟದ ಹಾಗೆಯೇ ಇದೂ.

ಆ ಮಾತಿನ ಬಲ ದೊಡ್ಡದು, ನಾನು ಒಪ್ಪುತ್ತೇನೆ. ಆದರೆ ತೋಟ ಕೈ ಬದಲಾದಾಗ ಮಾತು ಜೊತೆಗೆ ಹೋಗುವುದಿಲ್ಲ. ಚಿಕ್ಕಪ್ಪ ಹೋದ ಮೇಲೆ ಆ ತೋಟ ಬೇರೆಯವರದ್ದಾಯಿತು, ಕಡಂಗದ ಒಂದು ತುಂಡನ್ನು ದಾರಿಗೆಂದು ಜೆಸಿಬಿ ತಂದು ಮುಚ್ಚಿದರು. ಕೊಂಡವರಿಗೆ ಅದು ಸುಮ್ನೆ ಒಂದು ಹಳ್ಳ. ಹೇಳುವವರೇ ಇರಲಿಲ್ಲ, ಅವರನ್ನು ಬೈದು ಏನು ಮಾಡೋದು ಅಲ್ವಾ?

ಅದಕ್ಕೇ ಹಿರಿಯರ ಮಾತಿನ ಜೊತೆ ನಕ್ಷೆಯೂ ಬೇಕು ಅನ್ನುವುದು ನನ್ನ ಅನಿಸಿಕೆ. ದೊಡ್ಡ ಯೋಜನೆ ಬರುವ ತನಕ ಕಾಯಬೇಕಾಗಿಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ಉಳಿದ ಕಡಂಗದ ಉದ್ದಕ್ಕೂ ನಡೆದು, ಫೋನಿನಲ್ಲಿ ಗುರುತು ಹಾಕಿಕೊಂಡು, ಆ ಕಡೆಯ ಅಜ್ಜಂದಿರನ್ನು ಕೇಳಿ ಒಂದೊಂದು ತಿರುವಿನ ಹೆಸರನ್ನೂ ಬರೆದುಕೊಳ್ಳಬೇಕು ಅಂತಿದ್ದೇನೆ.