ಜೋಡು ನಳಿಗೆ ಸಾಕು ಮಾರಾಯ

ಹೋದ ವಾರ ರಾತ್ರಿ ಹತ್ತೂವರೆಗೆ ತಂಗಿಯ ಮಗನ ಫೋನ್ ಬಂತು. ಆ ಹೊತ್ತಿನಲ್ಲಿ ಫೋನ್ ಬಂದರೆ ನಮ್ಮ ಕಡೆ ಯಾರೋ ತೀರಿಕೊಂಡರು ಅಂತಲೇ ಲೆಕ್ಕ. ಹೆದರಿಕೊಂಡೇ ಎತ್ತಿದೆ. "ಮಾವ, ಮನೆಗೊಂದು ಕೋವಿ ತಗೊಳ್ಳೋಣ ಅಂತಿದ್ದೀನಿ. ಪಂಪ್ ಆಕ್ಷನ್ ಆಗಬಹುದಾ?" ಅಂದ. ಪಂಪ್ ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಒಂದೊಂದೇ ತೋಟಾ (ಕಾರ್ಟ್ರಿಜ್) ಏರಿಸುವ ಕೋವಿ.

ಅವನು ಬೆಂಗಳೂರಿನ ಕೆಲಸ ಬಿಟ್ಟು ಸಕಲೇಶಪುರದ ಆಚೆಗಿನ ತೋಟದ ಮನೆ ಸೇರಿ ಎರಡು ವರ್ಷವಾಯಿತು. ಮನೆಯಲ್ಲಿ ಹೆಂಡತಿ, ಆರು ವರ್ಷದ ಮಗಳು, ನನ್ನ ತಂಗಿ. ಪಕ್ಕದ ಮನೆ ಅಂದರೆ ಮುಕ್ಕಾಲು ಕಿಲೋಮೀಟರ್. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲ್ ಸಿಗ್ನಲ್ಲೂ ಅದರ ಹಿಂದೆಯೇ ಹೊರಡುತ್ತದೆ. ಈ ಸಲ ಫೆಬ್ರವರಿಯಲ್ಲಿ ಕಣದಲ್ಲಿ ಒಣಗಿಸಿ ತುಂಬಿಟ್ಟಿದ್ದ ಕಾಳುಮೆಣಸು ಮೂರು ಮೂಟೆ ರಾತ್ರೋರಾತ್ರಿ ಮಾಯವಾಯಿತು. ಅಂದಿನಿಂದ ಹುಡುಗನಿಗೆ ನಿದ್ದೆ ಇಲ್ಲ. ಹೆದರಿದ್ದರಲ್ಲಿ ತಪ್ಪೇನಿಲ್ಲ.

ಹೆದರಿದವನು ಮೊದಲು ಮಾಡಿದ ಕೆಲಸ ಯೂಟ್ಯೂಬ್ ತೆರೆದದ್ದು. ಅಲ್ಲಿ ಮಾತಾಡುವವರೆಲ್ಲ ಅಮೆರಿಕದವರು. ಹದಿನೆಂಟೂವರೆ ಇಂಚಿನ ಗಿಡ್ಡ ನಳಿಗೆ, ಅದರ ಕೆಳಗೊಂದು ಟಾರ್ಚು, ಕೊಳವೆಯೊಳಗೆ ಆರೇಳು ತೋಟಾ. ಪಂಪ್ ಎಳೆದಾಗ ಬರುವ 'ಚಕ್ ಚಕ್' ಸದ್ದಿಗೇ ಕಳ್ಳ ಓಡಿಹೋಗುತ್ತಾನೆ ಅನ್ನುತ್ತಾರಂತೆ. ನಮ್ಮ ಕಳ್ಳ ಆ ವಿಡಿಯೋ ನೋಡಿರಬೇಕಲ್ಲ? ನಮ್ಮ ಜೀರುಂಡೆ ಸದ್ದಿನಲ್ಲಿ ಆ ಚಕ್ ಚಕ್ ಅವನಿಗೆ ಕೇಳಿಸಬೇಕಲ್ಲ?

ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ. ಪೂರ್ತಿ ಹೇಳಲಾಗಲಿಲ್ಲ. ಉಳಿದದ್ದು ಇಲ್ಲಿ. ಅವನ ಹಾಗೆ ಊರಿಗೆ ಮರಳಿದವರು ಈಗ ಜಾಸ್ತಿ ಇದ್ದಾರೆ, ಅವರಿಗೂ ಉಪಯೋಗವಾದೀತು.

ಮೊದಲು ಕಾನೂನು, ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ 1934ರ ಕಾಯ್ದೆಯಿಂದಾಗಿ 18 ಇಂಚಿಗಿಂತ ಗಿಡ್ಡ ನಳಿಗೆ ಸಲೀಸಾಗಿ ಸಿಗುವುದಿಲ್ಲ. ಹಾಗಾಗಿ ಅವರು ಹದಿನೆಂಟೂವರೆಗೆ ನಿಂತಿದ್ದಾರೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯಲ್ಲಿ ಬರೆದಿರುವುದು 20 ಇಂಚು. ಅದರ 13ನೇ ಸೆಕ್ಷನ್ ಓದಿದರೆ ಮಜಾ ಇದೆ. ರಕ್ಷಣೆಗೋ ಕ್ರೀಡೆಗೋ ಬೇಕಾದರೆ 20 ಇಂಚಿಗೆ ಕಡಿಮೆ ಇಲ್ಲದ ನುಣುಪು ನಳಿಗೆಯ (ಒಳಗೆ ಗೆರೆ ಕೊರೆಯದ) ಕೋವಿ; ನಿಜವಾಗಿ ಬೆಳೆ ಕಾಯುವುದಕ್ಕಾದರೆ ಬಾಯಿಯಿಂದ ಮದ್ದು ತುಂಬುವ ಕೋವಿ. ಅಂದರೆ ನಮ್ಮ ಕೇಪಿನ ಕೋವಿ ಹಂದಿ ಓಡಿಸಲಿಕ್ಕೆ, ತೋಟಾ ಕೋವಿ ಮನೆ ಕಾಯಲಿಕ್ಕೆ. ಅಜ್ಜಂದಿರು ಮಾಡಿಕೊಂಡಿದ್ದ ವ್ಯವಸ್ಥೆಯೂ ಹೆಚ್ಚುಕಮ್ಮಿ ಇದೇ. ಉದ್ದ ಜಾಸ್ತಿಯಾಯಿತು ಅಂತ ಪರವಾನಗಿ ಕೋವಿಯ ನಳಿಗೆಯನ್ನು ವರ್ಕ್‌ಶಾಪಿನಲ್ಲಿ ಕೊಯ್ಸಿದರೆ ಅದು ಅಪರಾಧ. ಇದನ್ನು ಅವನಿಗೆ ಎರಡು ಸಲ ಹೇಳಿದೆ, ಯಾಕೆಂದರೆ ಅವನು ಎರಡು ಸಲ ಕೇಳಿದ.

ಇನ್ನು ಬೋರು. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ, ಅದೇ 12 ಬೋರು. ಸುಮಾರು ಹದಿನೆಂಟೂವರೆ ಮಿಲಿಮೀಟರ್. ಹಾಗಾಗಿ 16 ಬೋರು ಅಂದರೆ ದೊಡ್ಡದಲ್ಲ, ಸಣ್ಣದು. ಹಳೆಯ ಮನೆಗಳಲ್ಲಿ 16 ಬೋರಿನ ಚಂದದ ಕೋವಿಗಳಿವೆ, ಒದೆಯೂ ಕಡಿಮೆ. ಆದರೆ ತೋಟಾ ಹುಡುಕುತ್ತಾ ಅಂಗಡಿ ಅಂಗಡಿ ಅಲೆಯುವ ಸಹನೆ ನನಗಿಲ್ಲ. 12 ಬೋರೇ ಇರಲಿ.

ಈಗ ಅಸಲು ಮಾತು. ಪಂಪ್ ಬೇಡ, ಜೋಡು ನಳಿಗೆ ತಗೋ ಅಂತ ನಾನು ಹೇಳಿದ್ದಕ್ಕೆ ಅವನಿಗೆ ಬೇಜಾರಾಯಿತು. ಹಳೇ ಕಾಲದವರ ಹಟ ಅಂದುಕೊಂಡ. ಹಟವೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಕಾರಣವೂ ಇದೆ.

ಹುಡುಗ ಎಡಚ. ಸಾಮಾನ್ಯವಾಗಿ ಪಂಪ್ ಕೋವಿ ಖಾಲಿ ತೋಟಾವನ್ನು ಬಲಕ್ಕೆ ಎಸೆಯುತ್ತದೆ. ಎಡ ಭುಜಕ್ಕೆ ಇಟ್ಟು ಹೊಡೆದರೆ ಅದು ಮುಖದ ಮುಂದೆಯೇ ಹಾರಿಹೋಗುತ್ತದೆ. ಅಕ್ಕಪಕ್ಕ ನಳಿಗೆ ಇರುವ ಜೋಡಿಗೆ ಎಡ ಬಲದ ಭೇದ ಕಡಿಮೆ. ಸೇಫ್ಟಿ ಹೆಬ್ಬೆರಳಿನ ಕೆಳಗೆ ನಡುಮಧ್ಯದಲ್ಲಿ ಕೂತಿರುತ್ತದೆ.

ಪಂಪ್ ಅನ್ನು ಪೂರ್ತಿ ಹಿಂದಕ್ಕೆ ಎಳೆಯಬೇಕು, ಪೂರ್ತಿ ಮುಂದಕ್ಕೆ ತಳ್ಳಬೇಕು. ವಾರಕ್ಕೊಮ್ಮೆ ಶೂಟಿಂಗ್ ರೇಂಜಿಗೆ ಹೋಗುವವನಿಗೆ ಅದು ಕೈಗೆ ಕೂತಿರುತ್ತದೆ. ಇವನು ವರ್ಷಕ್ಕೆ ಎಷ್ಟು ಈಡು ಹಾರಿಸಿಯಾನು? ಪರವಾನಗಿ ಪುಸ್ತಕದಲ್ಲಿ ಬರೆದಷ್ಟೇ ತೋಟಾ ಸಿಗುವುದು. ನಿದ್ದೆಗಣ್ಣಿನಲ್ಲಿ, ಕೈ ನಡುಗುವಾಗ, ಅರ್ಧ ಎಳೆದು ಅರ್ಧ ತಳ್ಳಿದರೆ ತೋಟಾ ಒಳಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಜೋಡಿಯಲ್ಲಿ ಒಂದು ನಳಿಗೆ ಕೈಕೊಟ್ಟರೆ ಇನ್ನೊಂದಿದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಆ ಆರು ವರ್ಷದ ಮಗಳು. ಜೋಡಿ ಕೋವಿಯನ್ನು ಮುರಿದು, ಅಂದರೆ ನಡುವಿನ ಕೀಲಿನಲ್ಲಿ ಮಡಚಿ ತೆರೆದು, ಮೊಣಕೈ ಮೇಲೆ ಇಟ್ಟುಕೊಂಡರೆ ಅಂಗಳದ ಆ ತುದಿಯಲ್ಲಿ ನಿಂತವನಿಗೂ ಅದು ಖಾಲಿ ಅಂತ ಕಾಣುತ್ತದೆ. ಪಂಪ್ ಕೊಳವೆಯೊಳಗೆ ಒಂದು ತೋಟಾ ಮರೆತು ಉಳಿದರೆ ಹೊರಗಿನಿಂದ ಯಾರಿಗೆ ಗೊತ್ತಾಗುತ್ತದೆ?

ಎರಡೇ ಈಡಾ ಅಂದ. ಮೂರನೆಯದು ಬೇಕಾಗುವಂಥ ಜಗಳ ನಿನ್ನ ಮನೆಗೆ ಬಂದರೆ ಏಳನೆಯದೂ ಸಾಲದು ಅಂದೆ.

ಕೊಳ್ಳುವುದಾದರೆ ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಕೋವಿ ಇದೆ. ಮುಂಗೇರ್, ಜಮ್ಮು ಕಡೆಯ ಪರವಾನಗಿ ಪಡೆದ ಕಾರ್ಖಾನೆಗಳ ಮಾಲೂ ಬರುತ್ತದೆ. ಇಂಗ್ಲಿಷ್ ಕೋವಿಗೆ ಇವತ್ತಿಗೂ ನಮ್ಮಲ್ಲಿ ಹುಚ್ಚು ಬೇಡಿಕೆ. ಎಂಬತ್ತರ ದಶಕದ ನಂತರ ಹೊರಗಿನಿಂದ ಬರುವುದು ನಿಂತಿದ್ದರಿಂದ ಇರುವುದೇ ಕೈಯಿಂದ ಕೈಗೆ ಓಡಾಡುತ್ತಿದೆ. ನನ್ನದೂ ಬರ್ಮಿಂಗ್‌ಹ್ಯಾಮ್‌ನದು, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದದ್ದು. ಹಳೆಯ ಇಂಗ್ಲಿಷ್ ಕೋವಿ ಕೊಳ್ಳುವವರು ಒಂದು ನೋಡಿಕೊಳ್ಳಬೇಕು. ಅದರಲ್ಲಿ ಬಹಳಷ್ಟು 65 ಮಿಲಿಮೀಟರ್ ತೋಟಾಕ್ಕೆ ಮಾಡಿದವು. ಇವತ್ತು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 70. ಅದು ಒಳಗೆ ಚೆನ್ನಾಗಿಯೇ ಕೂರುತ್ತದೆ, ಅದೇ ತೊಂದರೆ. ಹಾರಿಸಿದಾಗ ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಹೆಚ್ಚಾಗಿ ಕರಿಮದ್ದಿನ ಕಾಲದ್ದು. ಗೋಡೆಗೆ ನೇತುಹಾಕಿ ನೋಡಲು ಚಂದ. ಹೊಸ ತೋಟಾ ತುಂಬಬೇಡಿ.

ತೋಟಾ ವಿಷಯಕ್ಕೆ ಬಂದರೆ ನನಗೆ ಮಾತು ಉದ್ದವಾಗುತ್ತದೆ. ಯಾವ ಕೋವಿ ಅಂತ ಹತ್ತು ಜನ ಕೇಳುತ್ತಾರೆ, ಯಾವ ತೋಟಾ ಅಂತ ಒಬ್ಬರೂ ಕೇಳುವುದಿಲ್ಲ.

ನಮ್ಮ ಕಡೆ ಸಿಗುವುದು ಹೆಚ್ಚಾಗಿ ಪುಣೆ ಹತ್ತಿರದ ಖಡ್ಕಿಯ ಶಕ್ತಿಮಾನ್. ಎಲ್‌ಜಿ ಅಂದರೆ ಆರೇಳು ದಪ್ಪ ಗುಂಡು. ಎಸ್‌ಜಿ ಅಂದರೆ ಅದಕ್ಕಿಂತ ಸ್ವಲ್ಪ ಸಣ್ಣವು, ಎಂಟೊಂಬತ್ತು. ಆಮೇಲೆ ಬಿಬಿ, 4 ನಂಬರ್, 6 ನಂಬರ್ ಅಂತ ಚರೆ ಸಣ್ಣದಾಗುತ್ತಾ ಹೋಗುತ್ತದೆ. ಅಮೆರಿಕದವರು ಮನೆಗೆ ಡಬಲ್ ಓಟ್ (00 ನಂಬರಿನ ದಪ್ಪ ಗುಂಡು) ಅನ್ನುತ್ತಾರಲ್ಲ, ಅದು ಹೆಚ್ಚುಕಮ್ಮಿ ನಮ್ಮ ಎಸ್‌ಜಿ. ಸಣ್ಣ ಚರೆ ಆಳಕ್ಕೆ ಹೋಗುವುದಿಲ್ಲ, ಎದುರಿನವನನ್ನು ನಿಲ್ಲಿಸುವುದಿಲ್ಲ ಅನ್ನುವುದು ಅವರ ವಾದ. ತಪ್ಪಲ್ಲ. ಆದರೆ ತಂಗಿಯ ಮನೆಯ ಒಳಗೋಡೆಗಳು ಅರ್ಧಕ್ಕೆ ಹಲಗೆ. ಮಲಗುವ ಕೋಣೆಗೂ ಜಗಲಿಗೂ ನಡುವೆ ಮುಕ್ಕಾಲು ಇಂಚಿನ ಹಲಸಿನ ಹಲಗೆ ಅಷ್ಟೇ. ಎಸ್‌ಜಿ ಅದನ್ನು ಕೇಳಿಕೊಂಡು ನಿಲ್ಲುವುದಿಲ್ಲ. ಆ ಕಡೆ ಮಗು ಮಲಗಿದೆ. ಹಾಗಾಗಿ ಮನೆಯೊಳಗಿನ ಮಾತಾದರೆ ಮೊದಲು ಹಾರುವ ನಳಿಗೆಗೆ 4 ನಂಬರ್ ಅಥವಾ ಬಿಬಿ, ಎರಡನೆಯದಕ್ಕೆ ಎಸ್‌ಜಿ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ. ಕಾಮೆಂಟಿನಲ್ಲಿ ಬೈಯಬಹುದು.

ಚರೆ ಹರಡುತ್ತದೆ, ಗುರಿ ಬೇಡ ಅನ್ನುವವರಿಗೆ ಒಂದು ಮಾತು. ಬಿಗಿ ಇಲ್ಲದ, ಅಂದರೆ ತುದಿ ಕಿರಿದು ಮಾಡದ, ನಳಿಗೆಯಲ್ಲೂ ಒಂದು ಗಜಕ್ಕೆ ಸುಮಾರು ಒಂದು ಇಂಚಿನ ಹಾಗೆ ಹರಡುವುದು. ಐದು ಮೀಟರ್ ಜಗಲಿಯ ಈ ತುದಿಯಿಂದ ಆ ತುದಿಗೆ ಅಂದರೆ ಒಂದು ಅಂಗೈ ಅಗಲ. ಗುರಿ ಬೇಕು. ಮೂವತ್ತು ಇಂಚಿನ ನಳಿಗೆ, ಹಿಂದಿನ ಮರದ ಬಟ್ಟು ಎಲ್ಲ ಸೇರಿ ಹೆಚ್ಚುಕಮ್ಮಿ ನಾಲ್ಕು ಅಡಿ ಉದ್ದದ ಕೋವಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ತಿರುಗಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಖಾಲಿ ಕೋವಿಯಲ್ಲಿ, ಮತ್ತೆ ಹೇಳುತ್ತೇನೆ, ಖಾಲಿ. ಅದಕ್ಕೇ ಕತ್ತಲಲ್ಲಿ ಮನೆ ಸುತ್ತುವ ಸಾಹಸ ಬೇಡ. ಮಗುವನ್ನು ಕರೆದುಕೊಂಡು ಒಂದು ಕೋಣೆ ಸೇರು, ಬಾಗಿಲು ಹಾಕು, ಠಾಣೆಗೆ ಫೋನ್ ಮಾಡು, ಗಟ್ಟಿಯಾಗಿ ಕೂಗು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷದ ಹಿಂದೆ, ಆಗಸ್ಟ್ ತಿಂಗಳು. ನಾಯಿ ಒಂದೇ ಸಮ ಬೊಗಳುತ್ತಿತ್ತು. ಹಿತ್ತಲ ಬಾಗಿಲು ಯಾರೋ ತಳ್ಳಿದ ಸದ್ದು. ಕೋವಿ ತೆಗೆದು ಮುರಿದೆ, ತೋಟಾ ಹಾಕಿದೆ, ಅರ್ಧಕ್ಕೆ ನಿಂತಿತು. ಅಪ್ಪನ ಕಾಲದ ಕಾಗದದ ತೋಟಾ. ಮೂರು ಮಳೆಗಾಲ ಮರದ ಪೆಟ್ಟಿಗೆಯಲ್ಲಿ ಕೂತು ಶೀತ ಹಿಡಿದು ಉಬ್ಬಿತ್ತು. ಇನ್ನೊಂದು ಹಾಕಿದೆ, ಅದೂ ಹಾಗೇ. ಅರ್ಧ ಒಳಗೆ ಅರ್ಧ ಹೊರಗೆ ತೋಟಾ ಇಟ್ಟುಕೊಂಡು, ಕೋವಿ ಮುಚ್ಚಲಾಗದೆ, ಪಂಚೆ ಎತ್ತಿ ಕಟ್ಟಿಕೊಂಡು ನಿಂತ ನನ್ನನ್ನು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಅವಳೇ ಕಂಚಿನ ತಟ್ಟೆಗೆ ಸೌಟಿನಿಂದ ಬಡಿದು ಲೈನ್ ಮನೆಯವರನ್ನು (ತೋಟದ ಕೆಲಸದವರನ್ನು) ಎಬ್ಬಿಸಿದಳು. ಬಂದವರು ಯಾರೋ, ಓಡಿಹೋದರು.

ಮಾರನೇ ದಿನ ಬೆಳಕಿನಲ್ಲಿ ನಳಿಗೆ ಕಣ್ಣಿಗೆ ಹಿಡಿದು ನೋಡಿದರೆ ಎಡಗಡೆಯದು ಕತ್ತಲು. ಕಡ್ಡಿ ಹಾಕಿ ತಳ್ಳಿದಾಗ ಮಣ್ಣು ಉದುರಿತು. ಮಣ್ಣಿನ ಗೂಡು ಕಟ್ಟುವ ಕಣಜ ಒಳಗೆ ಸಂಸಾರ ಹೂಡಿತ್ತು! ತೋಟಾ ಸರಿಯಿದ್ದು ನಾನು ಆ ನಳಿಗೆ ಹಾರಿಸಿದ್ದರೆ ಅದು ಸಿಡಿದು ಎಡಗೈ ಹೋಗುತ್ತಿತ್ತೋ ಏನೋ. ಆವತ್ತಿನಿಂದ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಕೋವಿ ಮುರಿದು ದೀಪಕ್ಕೆ ಹಿಡಿದು ನೋಡುವುದು ನನಗೆ ಸಂಧ್ಯಾವಂದನೆ ಇದ್ದ ಹಾಗೆ. ತೋಟಾ ಈಗ ಗಾಳಿಯಾಡದ ಡಬ್ಬಿಯಲ್ಲಿ, ಬೇರೆ ಬೀರುವಿನಲ್ಲಿ, ಬೇರೆ ಬೀಗದಲ್ಲಿ.

ಕೊಡಗಿನ ಗೆಳೆಯರು ಇದನ್ನು ಓದಿ ನಗುತ್ತಾರೆ. ಅವರಿಗೆ ಕೋವಿ ಹೊಸದಲ್ಲ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ಕೋವಿ ಪರವಾನಗಿಯ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವವರಿಗೂ) ಇನ್ನೂ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅಲ್ಲಿ ಕೋವಿ ಮನೆಯ ಒಬ್ಬ ಸದಸ್ಯನ ಹಾಗೆ. ಕೈಲ್‌ಪೊಳ್ದ್‌ಗೆ, ಅಂದರೆ ಅವರ ಆಯುಧ ಪೂಜೆಯ ಹಬ್ಬಕ್ಕೆ, ಒರೆಸಿ, ಹೂವಿಟ್ಟು, ಪೂಜೆ ಮಾಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಎಲ್ಲರ ಎದುರು ಹೊರಗೆ ತೆಗೆದು ನೋಡುವ ಪದ್ಧತಿ ಎಷ್ಟು ಒಳ್ಳೆಯದು ಅಂತ ಆ ಕಣಜ ಕಂಡ ಮೇಲೆ ನನಗೆ ಅನಿಸಿತ್ತು.

ನಮ್ಮಂಥವರಿಗೆ ಅರ್ಜಿ, ಪೊಲೀಸ್ ವರದಿ, ತರಬೇತಿ ಪ್ರಮಾಣಪತ್ರ ಎಲ್ಲ ಉಂಟು. ಚುನಾವಣೆ ಬಂದಾಗ ಠಾಣೆಯಲ್ಲಿ ಕೋವಿ ಇಟ್ಟು ಬರುವುದೂ ಉಂಟು. ಎರಡು ತಿಂಗಳು ಮನೆಯಲ್ಲಿ ಕೋವಿಯೇ ಇಲ್ಲ ಅಂತ ಸುತ್ತಲಿನವರಿಗೆಲ್ಲ ಗೊತ್ತಿರುತ್ತದೆ, ಕಳ್ಳನಿಗೂ.

ಹುಡುಗ ಕೊನೆಗೆ ಕೇಳಿದ ಪ್ರಶ್ನೆಗೇ ನನಗೆ ನಿದ್ದೆ ಹತ್ತಲಿಲ್ಲ. "ಕಣದಲ್ಲಿ ಮೂಟೆ ಹೊತ್ತುಕೊಂಡು ಓಡುವವನಿಗೆ ಕಾಲಿಗೆ ಹೊಡೆದರೆ?"

ಇಲ್ಲ ಮಗನೇ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯದ್ದು, ಹಳೆಯ ಐಪಿಸಿಯಲ್ಲಿ 96ರಿಂದ 106. ರಾತ್ರಿ ಮನೆ ಮುರಿದು ನುಗ್ಗುವವನ ಮಾತು ಬೇರೆ, ದರೋಡೆಯ ಮಾತು ಬೇರೆ. ಅಲ್ಲೂ ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಬೆನ್ನು ತೋರಿಸಿ ಓಡುವವನಿಂದ ನಿನ್ನ ಪ್ರಾಣಕ್ಕೆ ಏನು ಭಯ? ಕಾಲಿಗೆ ಅಂತ ಹೊಡೆದ ಚರೆ ಕತ್ತಲಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹಂದಿ ಅಂದುಕೊಂಡು ಜೊತೆಗೆ ಬಂದವನಿಗೇ ಈಡು ಹಾರಿಸಿದ ಸುದ್ದಿ ನಮ್ಮ ಕಡೆ ಎಷ್ಟು ಓದಿಲ್ಲ? ಮೂಟೆ ಹೊತ್ತವನು ಬಹುಶಃ ನಿನ್ನ ತೋಟಕ್ಕೇ ಕೆಲಸಕ್ಕೆ ಬಂದವನು, ಮೆಣಸು ಎಲ್ಲಿ ತುಂಬಿಟ್ಟಿದ್ದೀ ಅಂತ ಬೇರೆ ಯಾರಿಗೆ ಗೊತ್ತು?

ಮೂಟೆ ಒಳಗೆ ಇಡು ಅಂದೆ. ಕಣಕ್ಕೊಂದು ಸೋಲಾರ್ ಲೈಟು ಹಾಕಿಸು. ಎರಡು ನಾಯಿ ಸಾಕು, ಒಂದಲ್ಲ. ಒಂದೇ ಆದರೆ ಚಿರತೆ ಒಯ್ಯುತ್ತದೆ. ಆನೆ ಬಂದರೆ ಕೋವಿ ಮುಟ್ಟಲೇಬೇಡ, ಬಾಗಿಲು ಹಾಕಿಕೊಂಡು ಅರಣ್ಯದವರಿಗೆ ಫೋನ್ ಮಾಡು.

ಅಷ್ಟೆಲ್ಲ ಹೇಳಿದ ಮೇಲೂ ಅವನಿಗೆ ಕೋವಿ ಬೇಕು. ಇರಲಿ, ಒಂಟಿ ಮನೆ, ನಾನು ಬೇಡ ಅನ್ನುವುದಿಲ್ಲ. ನಾನೇ ಇಟ್ಟುಕೊಂಡಿಲ್ವಾ? ಅರ್ಜಿ ಹಾಕುವ ಮೊದಲು ಒಮ್ಮೆ ನನ್ನದನ್ನು ಬಿಚ್ಚಿ ಒರೆಸಿ ನೋಡು ಅಂದಿದ್ದೇನೆ, ನನ್ನ ಎದುರಿಗೇ. ಭಾನುವಾರ ಬರುತ್ತಾನಂತೆ. ಬರುವಾಗ ಪೇಟೆಯಿಂದ ಒಂದು ಡಬ್ಬಿ ಮೆಷಿನ್ ಎಣ್ಣೆ ತರಲು ಹೇಳಿದೆ. ನಮ್ಮಲ್ಲಿ ಮುಗಿದಿದೆ.