ಸಿಪಾಯಿಗೆ ಸಿಕ್ಕಿದ್ದು ತವರದ ಪದಕ

2023ರಲ್ಲಿ ಟಿಪ್ಪುವಿನ ಖಡ್ಗ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹರಾಜಾದಾಗ ಒಬ್ಬರಿಗೆ ಹೆಮ್ಮೆ, ಇನ್ನೊಬ್ಬರಿಗೆ ಹೊಟ್ಟೆಯುರಿ. ಟಿಪ್ಪು ಸತ್ತು ಶ್ರೀರಂಗಪಟ್ಟಣ ಕಂಪನಿಯ ಕೈಗೆ ಬಿದ್ದ 1799ರ ಯುದ್ಧದ ಇನ್ನೊಂದು ವಸ್ತುವೂ ಆಗಾಗ ಹರಾಜಿಗೆ ಬರುತ್ತದೆ. ಅದನ್ನು ಕೇಳೋರೇ ಇಲ್ಲ. ಈಸ್ಟ್ ಇಂಡಿಯಾ ಕಂಪನಿ ಹಂಚಿದ ಶ್ರೀರಂಗಪಟ್ಟಣದ ಪದಕ ಅದು. ನನ್ನ ಪ್ರಕಾರ 1799ರ ಕಥೆ ಖಡ್ಗಕ್ಕಿಂತ ಚೆನ್ನಾಗಿ ಗೊತ್ತಾಗುವುದು ಅದರಲ್ಲೇ.

ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಡವಿಕೊಂಡು ಮೇಲೆ ಕೂತಿದೆ. ಮೇಲಿನ ಬಾವುಟದಲ್ಲಿ ಅರಬ್ಬಿ ಅಕ್ಷರ: ‘ಅಸದುಲ್ಲಾ ಅಲ್ ಗಾಲಿಬ್’, ಅಂದರೆ ದೇವರ ಸಿಂಹವೇ ಗೆಲ್ಲುವವನು. ಟಿಪ್ಪು ತನ್ನ ಆಯುಧಗಳ ಮೇಲೆ ಬರೆಸುತ್ತಿದ್ದದ್ದೂ ಇದೇ! ಊರು ಕಿತ್ತುಕೊಂಡಿದ್ದು ಸಾಲದೆ ಅವನ ಘೋಷಣೆಯನ್ನೂ ಕಿತ್ತುಕೊಂಡರು. ಹಿಂಬದಿಯಲ್ಲಿ ಒಡೆದ ಕೋಟೆ, ನುಗ್ಗುವ ಸೈನ್ಯ, ನೆತ್ತಿಯ ಮೇಲೆ ಸೂರ್ಯ. ಮೇ 4ರ ದಾಳಿ ನಡೆದದ್ದು ಮಟಮಟ ಮಧ್ಯಾಹ್ನ.

ಪದಕ ಅಚ್ಚಾದದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೊ ಟಂಕಸಾಲೆಯಲ್ಲಿ. ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ. ದೊಡ್ಡ ಸಾಹೇಬರಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಆಮೇಲೆ ಕಂಚು. ಮದ್ದಿನ ಹೊಗೆ ಕುಡಿದ ಸಾಮಾನ್ಯ ಸಿಪಾಯಿಗೆ ತವರ. ಅದೂ ಗೆದ್ದು ಒಂಬತ್ತು ವರ್ಷ ಆದಮೇಲೆ, 1808ರಲ್ಲಿ ಕೈಗೆ ಬಂತು. ನೇತುಹಾಕಿಕೊಳ್ಳಲು ಪಟ್ಟಿಯನ್ನೂ ಕೊಡಲಿಲ್ಲ, ಬೇಕಾದವರು ಅವರವರೇ ಹೊಂದಿಸಿಕೊಂಡರು. ಲೂಟಿಯ ಪಾಲೂ ಹೀಗೇ ಹಂಚಿಕೆಯಾಯಿತು. ದಾಳಿಯ ಸೇನಾಪತಿ ಜನರಲ್ ಹ್ಯಾರಿಸ್‌ಗೆ ಒಂದು ಲಕ್ಷ ಪೌಂಡಿಗೂ ಹೆಚ್ಚು, ಸಿಪಾಯಿಯ ಕೈಗೆ ನಾಲ್ಕೈದು ಪೌಂಡು.

ಆ ತವರ ಪಡೆದವರಲ್ಲಿ ನಮ್ಮ ಸುತ್ತಮುತ್ತಲಿನವರು ಎಷ್ಟೋ ಮಂದಿ. ಕಂಪನಿಯ ಮದ್ರಾಸ್ ಪಡೆಯ ತಮಿಳರು, ತೆಲುಗರು ಇದ್ದರು. ನಿಜಾಮನ ದಂಡು ಜೊತೆಗಿತ್ತು. ಬಾಂಬೆ ಪಡೆ ಕಣ್ಣೂರಿನಿಂದ ಕೊಡಗು ಹತ್ತಿ ಬಂತು, ಅದಕ್ಕೆ ದಾರಿ ಬಿಟ್ಟುಕೊಟ್ಟು ದಿನಸಿ ಒದಗಿಸಿದವನು ಕೊಡಗಿನ ರಾಜ ದೊಡ್ಡವೀರರಾಜೇಂದ್ರ. ಅವನಿಗೆ ಅವನದೇ ಕಾರಣಗಳಿದ್ದವು, ಟಿಪ್ಪುವಿನಿಂದ ಕೊಡಗು ಪಟ್ಟ ಪಾಡು ಕಡಿಮೆಯದಲ್ಲ. ಇದಕ್ಕೇ ‘ಇಂಗ್ಲಿಷರು ಬಂದರು, ಗೆದ್ದರು’ ಅನ್ನುವ ಒಂದೇ ಸಾಲಿನ ಪಾಠ ನನಗೆ ಒಗ್ಗುವುದಿಲ್ಲ.

ಯಾರಾದರೂ ಕೋಟಿ ಸುರಿದು ಚಿನ್ನದ ಪದಕ ತರಲಿ ಅಂತ ನಾನು ಕೇಳುತ್ತಿಲ್ಲ. ಶ್ರೀರಂಗಪಟ್ಟಣಕ್ಕೆ ಬಂದ ಶಾಲಾ ಮಕ್ಕಳಿಗೆ ತವರದ್ದೊಂದನ್ನು ತೋರಿಸಿ. ಯಾರ ಕೈಗೆ ಬಂತು, ಅವರಿಗೆ ಎಷ್ಟು ಕಾಸು ಸಿಕ್ಕಿತು ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬರೆಸಿ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನುವ ಜಗಳ ಹೇಗೂ ಇದ್ದೇ ಇದೆ, ಅದನ್ನು ಊಟ ಆದಮೇಲೆ ಮಾಡೋಣ.