ವಯಸ್ಸಿನ ತಪ್ಪಲ್ಲ, ಹಾಸಿಗೆಯ ತಪ್ಪು

ಮೊನ್ನೆ ಎಳ್ಳ ಅಮಾವಾಸ್ಯೆಗೆ ಗದಗ ಜಿಲ್ಲೆಯ ಡಂಬಳದ ಕಡೆ ಗೆಳೆಯನ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ರಾತ್ರಿ ಅಲ್ಲೇ ಉಳಿಯೋದು ಅಂತ ಮೊದಲೇ ಮಾತಾಗಿತ್ತು. (ಪಕ್ಕದ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಗುಡ್ಡದ ಮೇಲೆ ಮನಸ್ಸಿಗೆ ಬಂದಲ್ಲಿ ಟೆಂಟ್ ಹೊಡೆಯುವ ಹಾಗಿಲ್ಲ, ಹೊಡೆಯಲೂಬಾರದು. ಅದಕ್ಕೇ ಹೊಲ.) ಗೆಳೆಯ ಹೊಸ ಟೆಂಟ್ ತಂದಿದ್ದ. ಟೆಂಟ್ ಚೆನ್ನಾಗಿಯೇ ಇತ್ತು. ಆದರೆ ಒಳಗೆ ಹಾಸಿದ್ದು ಒಂದು ತೆಳು ಯೋಗಾ ಮ್ಯಾಟ್, ಅದರ ಮೇಲೊಂದು ಚಾದರ. ಅದರ ಮೇಲೆ ಅವನ ಅತ್ತೆಯವರು ಮಲಗಿದರು.

ಬೆಳಗಿನ ಜಾವ ಎದ್ದು ನೋಡಿದರೆ ಅವರು ಕಾರಿನಲ್ಲಿ ಕೂತಿದ್ದರು. ಕಂಬಳಿ ಹೊದ್ದು, ಸೊಂಟ ಹಿಡಿದುಕೊಂಡು. ಯಾಕ್ರೀ ಅಂತ ಕೇಳಿದ್ದಕ್ಕೆ, "ಏನಿಲ್ಲೋ ತಮ್ಮಾ, ನಮಗ ವಯಸ್ಸಾತು. ಇದೆಲ್ಲಾ ಇನ್ನ ನಮಗ ಆಗಿ ಬರೂದಿಲ್ಲ" ಅಂದರು.

ಆ ಮಾತು ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟು ಅವರ ಮೇಲಲ್ಲ. ಟೆಂಟ್ ಕೊಟ್ಟ ಅಂಗಡಿಯಲ್ಲಿ "ಕೆಳಗ ಏನ್ ಬೇಕ್ರೀ, ಒಂದು ಚಾದರ ಹಾಸ್ರಿ, ಸಾಕು" ಅಂದಿದ್ದರಂತೆ. ಸಾವಿರಾರು ರೂಪಾಯಿ ಟೆಂಟ್‌ಗೆ ಕೊಡಿಸಿ, ಮೈ ತಾಗುವ ಜಾಗಕ್ಕೆ ಚಾದರ ಸಾಕು ಅನ್ನೋದು ಯಾವ ನ್ಯಾಯ? ಆ ತಾಯಿ ರಾತ್ರಿಯಿಡೀ ನಡುಗಿ, ಕೊನೆಗೆ ತಪ್ಪು ತನ್ನ ಮೈಯದ್ದೇ ಅಂದುಕೊಂಡು ಮನೆಗೆ ಹೋದರು. ಇನ್ನು ಮುಂದೆ ಹೊಲದಲ್ಲಿ ಉಳಿಯೋಕೆ ಬರೋದಿಲ್ಲ ಅಂತಲೂ ಅಂದರು.

ಮೇಲೆ ಎಷ್ಟು ಹೊದ್ದರೂ ಕೆಳಗಿನ ಚಳಿ ನಿಲ್ಲುವುದಿಲ್ಲ. ಕಂಬಳಿ ಬೆಚ್ಚಗಿರೋದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ಅದೇ ಕಂಬಳಿಯನ್ನು ಕೆಳಗೆ ಹಾಸಿ ಮಲಗಿದರೆ ನಮ್ಮ ಭಾರಕ್ಕೆ ಆ ಗಾಳಿ ಬಹುಪಾಲು ಹೊರಗೆ ಹೋಗುತ್ತದೆ. ಆಮೇಲೆ ನೆಲ ಮೈಯ ಬಿಸಿಯನ್ನು ರಾತ್ರಿಯಿಡೀ ಎಳೆದುಕೊಳ್ಳುತ್ತಲೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅದೇನು ಹಿಮಾಲಯದ ಚಳಿಯಲ್ಲ. ಆದರೂ ಬರೀ ನೆಲದ ಮೇಲೆ ನಾಲ್ಕೈದು ತಾಸು ಮಲಗಿದರೆ ಗಟ್ಟಿ ಆಳಿಗೂ ನಡುಕ ಬರುತ್ತದೆ. ಇದರಲ್ಲಿ ವಯಸ್ಸಿನ ಮಾತು ಎಲ್ಲಿ ಬಂತು?

ಈಗ ಕೆಲವರು "ನಮ್ಮ ಹಿರಿಯರು ಬರೀ ನೆಲದ ಮೇಲೆ ಮಲಗುತ್ತಿದ್ದರು, ನಿಮಗೇನು ಇಷ್ಟು ನಾಜೂಕು" ಅಂತಾರೆ. ಮನೆಯ ಅಂಗಳದಲ್ಲಿ, ಬೇಸಿಗೆಯಲ್ಲಿ ಮಲಗಿರಬಹುದು. ಚಳಿಗಾಲದ ಹೊಲದಲ್ಲಿ ಅವರು ಹೇಗೆ ಮಲಗುತ್ತಿದ್ದರು ಅಂತ ಯಾರಾದರೂ ನೋಡಿದ್ದೀರಾ? ಮೊದಲು ದಪ್ಪಗೆ ಕಣಕಿ, ಅಂದರೆ ಒಣಗಿದ ಜೋಳದ ದಂಟು, ಹರವುತ್ತಿದ್ದರು. ಹಾನಗಲ್, ಕಲಘಟಗಿ ಕಡೆ ಆದರೆ ಭತ್ತದ ಹುಲ್ಲು. ಅದರ ಮೇಲೆ ಜಮಖಾನ, ಅದರ ಮೇಲೆ ಕೌದಿ. ಹೊದೆಯೋಕೆ ಕಂಬಳಿ. ಕಣಕಿ ಅಂದರೆ ಸುಮ್ನೆ ಮೆತ್ತಗಿರಲಿ ಅಂತಲ್ಲ. ದಂಟು ಗಟ್ಟಿ, ಭಾರಕ್ಕೆ ಪೂರ್ತಿ ಕುಸಿಯುವುದಿಲ್ಲ. ದಂಟುಗಳ ನಡುವೆ ಗಾಳಿ ಹಾಗೇ ಉಳಿಯುತ್ತದೆ. ನೆಲಕ್ಕೂ ಮೈಗೂ ನಡುವೆ ಒಂದು ತಡೆ. ಹಿರಿಯರಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಅವರ ಹೆಸರು ಹೇಳಿಕೊಂಡು ಬರೀ ಚಾದರ ಹಾಸುವವರನ್ನು ಕಂಡರೆ ನನಗೆ ನಿಜಕ್ಕೂ ಕೋಪ ಬರುತ್ತದೆ.

ನನ್ನ ಮನೆಯ ಮಾತೊಂದು ಹೇಳಿಬಿಡುತ್ತೇನೆ. ನಮ್ಮಪ್ಪ ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದವರು. ಎತ್ತಿಗೆ ಅಂತ ಹೇರಿಕೊಂಡ ಕಣಕಿಯೇ ರಾತ್ರಿ ಹಾಸಿಗೆ. ಆಮೇಲೆ ಚಕ್ಕಡಿ ಹೋಯಿತು, ಟೆಂಪೋ ಬಂತು. ಕಣಕಿ ಹೋಯಿತು, ಬರೀ ಚಾಪೆ ಉಳಿಯಿತು. ಕೆಲವು ವರ್ಷದಲ್ಲೇ ಅಪ್ಪ "ನನಗ ನೆಲದ ಮ್ಯಾಲ ಆಗೂದಿಲ್ಲ, ನೀವ ಹೋಗಿಬರ್ರಿ" ಅಂತ ಜಾತ್ರೆಯನ್ನೇ ಬಿಟ್ಟರು. ಜಾತ್ರೆಯಲ್ಲಿ ನುಡಿಯುವ ಭವಿಷ್ಯವಾಣಿ, ಆ ಕಾರ್ಣಿಕ ಕೇಳದೆ ಇರೋದು ಅವರಿಗೆ ಎಂಥಾ ಸಂಕಟ ಅಂತ ನಾನು ನೋಡಿದ್ದೇನೆ. ಆಗ ನಮ್ಮ ಕಡೆ ನೆಲದ ಚಳಿ ತಡೆಯುವ ಟೆಂಟಿನ ಹಾಸಿಗೆ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ಸಿಕ್ಕರೂ ಹಿರಿಯರನ್ನು ಹಾಗೇ ಮಲಗಿಸುತ್ತೇವೆ ಅನ್ನೋದು ನನಗೆ ಸಹಿಸೋಕೆ ಆಗೋದಿಲ್ಲ.

ಹಾಗಾದರೆ ಏನು ತಗೋಬೇಕು? ಎಲ್ಲಕ್ಕಿಂತ ಮೊದಲು ಮಲಗಿ ನೋಡಿ. ಅಂಗಡಿಯಲ್ಲೇ ಹಾಸಿಸಿ, ಮಗ್ಗುಲಾಗಿ ಮಲಗಿ. ನಾಚಿಕೆ ಬೇಡ. ಸೊಂಟದ ಎಲುಬು ನೆಲಕ್ಕೆ ತಾಗಿದರೆ ಅದು ನಿಮಗೆ ಬೇಡ. ಅಂಗಾತ ಮಲಗುವವರಿಗೆ 4-5 ಸೆಂಟಿಮೀಟರ್ ದಪ್ಪ ಸಾಕಾಗುತ್ತದೆ. ಮಗ್ಗುಲಾಗಿ ಮಲಗುವವರಿಗೆ 7-8 ಆದರೂ ಬೇಕು, ಯಾಕೆಂದರೆ ಪೂರ್ತಿ ಭಾರ ಸೊಂಟ ಮತ್ತು ಭುಜದ ಮೇಲೆ ಬೀಳುತ್ತದೆ. ಅಗಲವೂ ಮುಖ್ಯ. ಸಾಮಾನ್ಯವಾಗಿ ಸಿಗೋದು 51 ಸೆಂಟಿಮೀಟರ್. ಅದರಲ್ಲಿ ಮಗ್ಗುಲು ಬದಲಿಸಿದರೆ ಕೈ ಹೊರಗೆ. 64ರದ್ದು ಸಿಕ್ಕರೆ ಅದನ್ನೇ ತಗೊಳ್ಳಿ.

ಆಮೇಲೆ ಆರ್ ವ್ಯಾಲ್ಯೂ ಅಂತ ಒಂದು ಅಂಕಿ ಬರೆದಿರುತ್ತಾರೆ, ಅದನ್ನು ನೋಡಿ. ಹಾಸಿಗೆ ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನೋ ಅಳತೆ ಅದು. ಮೊದಲು ಕಂಪನಿಗೊಂದು ಲೆಕ್ಕ ಇತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನೋ ಪರೀಕ್ಷೆ ಬಂದ ಮೇಲೆ ಬೇರೆಬೇರೆ ಕಂಪನಿಯ ಹಾಸಿಗೆಗಳನ್ನು ಒಂದೇ ಅಳತೆಯಲ್ಲಿ ಹೋಲಿಸೋಕೆ ಆಗುತ್ತದೆ. ನಮ್ಮ ಗದಗ, ಹಾವೇರಿ ಚಳಿಗೆ 2 ಇದ್ದರೆ ಸಾಕು. ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡುತ್ತವೆ ಅನ್ನೋದೂ ನೆನಪಿರಲಿ.

ಗಾಳಿ ತುಂಬುವ ದೊಡ್ಡ ಡಬಲ್ ಬೆಡ್ ನೋಡೋಕೆ ಚೆಂದ. ಎತ್ತರ ಇದೆ ಅಂದಮೇಲೆ ಬೆಚ್ಚಗೂ ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ಒಳಗೆ ಬರೀ ಗಾಳಿ ಇದ್ದರೆ ಆ ಗಾಳಿ ಸುತ್ತಾಡುತ್ತದೆ, ಮೇಲಿನ ಬಿಸಿಯನ್ನು ಕೆಳಗೆ ಒಯ್ದು ನೆಲಕ್ಕೆ ಕೊಡುತ್ತದೆ. ಅದರ ಮೇಲೆ ಕೌದಿಯನ್ನೋ ಫೋಮನ್ನೋ ಹಾಸಲೇಬೇಕು. ಇನ್ನೊಂದು, ರಾತ್ರಿ ತಂಪಾದಾಗ ಒಳಗಿನ ಗಾಳಿ ಕುಗ್ಗಿ ಹಾಸಿಗೆ ಸಡಿಲ ಆಗುತ್ತದೆ. ತೂತು ಬಿದ್ದಿದೆ ಅಂತ ಗಾಬರಿಯಾಗಬೇಡಿ, ಮಲಗುವ ಮುಂಚೆ ಇನ್ನೊಮ್ಮೆ ಗಾಳಿ ಹಾಕಿ. ಪಂಪಿನಿಂದಲೇ ಹಾಕಿ. ಬಾಯಿಂದ ಊದಿದರೆ ಉಸಿರಿನ ತೇವ ಒಳಗೆ ಉಳಿದು ಬೂಸ್ಟು ಹಿಡಿಯುತ್ತದೆ. ಹಗಲು ಬಿಸಿಲಲ್ಲಿ ಗಾಳಿ ತುಂಬಿ ಬಿಡಲೂಬೇಡಿ, ಹಿಗ್ಗಿ ಹೊಲಿಗೆ ಬಿಡುತ್ತದೆ.

ನನ್ನ ಆಯ್ಕೆ ಕೇಳಿದರೆ, ಕೆಳಗೆ ತಾಡಪತ್ರಿ, ಅದರ ಮೇಲೆ ಟೆಂಟ್. ಟೆಂಟಿನೊಳಗೆ ಗಟ್ಟಿ ಫೋಮ್ ಮ್ಯಾಟ್, ಅದರ ಮೇಲೆ ಒಳಗೆ ಫೋಮ್ ಇದ್ದು ತಾನೇ ಗಾಳಿ ಎಳೆದುಕೊಳ್ಳುವ ಹಾಸಿಗೆ. ಕೆಳಗಿನ ಫೋಮ್ ಯಾಕೆ ಅಂದರೆ ಜಾಲಿ ಮುಳ್ಳು. ನಮ್ಮ ಹೊಲದ ಬದುವಿನಲ್ಲಿ ಜಾಲಿ ಇಲ್ಲದ ಜಾಗ ಎಲ್ಲಿದೆ ಹೇಳಿ? ಎಷ್ಟು ಗುಡಿಸಿದರೂ ಒಂದು ಮುಳ್ಳು ಉಳಿದೇ ಇರುತ್ತದೆ. ಎರಿ ಹೊಲವಾದರೆ ಹೆಂಟೆಯನ್ನೂ ಒಡೆದು ನೆಲ ಮಟ್ಟ ಮಾಡಿ, ಒಣಗಿದ ಹೆಂಟೆ ಕಲ್ಲಿಗಿಂತ ಕಡಿಮೆಯಲ್ಲ. ಇಳಿಜಾರು ಇದ್ದರೆ ತಲೆ ಮೇಲಿನ ಕಡೆಗೆ ಬರಲಿ.

ಮಂಡಿ ನೋವಿದ್ದು ನೆಲದಿಂದ ಏಳೋಕೆ ಆಗದವರಿಗೆ ಮಡಚುವ ಕಾಟ್ ಒಳ್ಳೆಯದು. ಬೇಸಿಗೆಯಲ್ಲಂತೂ ಹೊರಸಿನಷ್ಟೇ ಸುಖ. ಚಳಿಗಾಲದಲ್ಲಿ ಮಾತ್ರ ಅಡಿಯಲ್ಲಿ ಗಾಳಿ ಆಡುತ್ತದೆ, ಅದರ ಮೇಲೂ ಮ್ಯಾಟ್ ಬೇಕೇ ಬೇಕು. ಕಾಲಿನ ಕೆಳಗೆ ಹಲಗೆ ತುಂಡು ಇಡದಿದ್ದರೆ ಟೆಂಟಿನ ತಳ ಹರಿಯುತ್ತದೆ.

ಕಾರಿನಲ್ಲಿ ಹೋಗುವವರು ಮನೆಯ ಹತ್ತಿಯ ಗಾದಿಯನ್ನೇ ಒಯ್ದರೂ ನನ್ನ ತಕರಾರಿಲ್ಲ. ಹತ್ತಿ ತೇವ ಹೀರುತ್ತದೆ, ಕೆಳಗೆ ತಾಡಪತ್ರಿ ಹಾಸಿ, ಬೆಳಿಗ್ಗೆ ಬಿಸಿಲಿಗೆ ಹಾಕಿ, ಅಷ್ಟೇ. ಕಣಕಿ ಸಿಕ್ಕರೆ ಕಣಕಿ. ದುಡ್ಡು ಜಾಸ್ತಿ ಇರಲೇಬೇಕು ಅಂತ ನಾನು ಹೇಳುತ್ತಿಲ್ಲ. ಕಡಿಮೆ ಬೆಲೆಯ ಟೆಂಟ್ ತಗೊಂಡು ಉಳಿದ ದುಡ್ಡನ್ನು ಹಾಸಿಗೆಗೆ ಹಾಕಿ ಅಂತ ಹೇಳುತ್ತಿದ್ದೇನೆ.

ಭಾರತ ಹುಣ್ಣಿಮೆ ಹತ್ತಿರ ಬರುತ್ತಿದೆ. ಮೈಲಾರಕ್ಕೋ ದೇವರಗುಡ್ಡಕ್ಕೋ ಹೋಗುವವರು, ಹಿರಿಯರನ್ನು ಕರೆದುಕೊಂಡು ಹೊರಟವರು ಇದ್ದರೆ ನನ್ನ ಮ್ಯಾಟ್‌ಗಳು ಹುಬ್ಬಳ್ಳಿ ಮನೆಯಲ್ಲೇ ಇವೆ. ಬಂದು ಒಯ್ಯಿರಿ. ಬಾಡಿಗೆ ಗೀಡಿಗೆ ಏನೂ ಬೇಡ, ಒಣಗಿಸಿ ವಾಪಸ್ ಕೊಟ್ಟರೆ ಸಾಕು. ಬರುವ ಮುಂಚೆ ನಿಮ್ಮ ಟೆಂಟಿನ ಒಳಗಿನ ಅಗಲ ಅಳೆದುಕೊಂಡು ಬನ್ನಿ. ಇಬ್ಬರದ್ದು ಅಂತ ಮಾರುವ ಎಷ್ಟೋ ಟೆಂಟ್‌ಗಳಲ್ಲಿ 64 ಸೆಂಟಿಮೀಟರ್ ಅಗಲದ ಎರಡು ಹಾಸಿಗೆ ಪಕ್ಕಪಕ್ಕ ಹಿಡಿಸೋದಿಲ್ಲ.